ಬಗ್ಗದ ಸೊಂಟದ ಪರ್ವತಾರೋಹಣ

"ಈ ಮನೇಲಿ ಮೈ ಬಗ್ಗಿಸಿ ದುಡಿಯೋರು ಯಾರು, ಕೂತು ತಿನ್ನೋರು ಯಾರು ಅನ್ನೋದನ್ನ ಇನ್ಮೇಲೆ ವಿಜ್ಞಾನವೇ ಹೇಳಲಿ!"

ನುಮಾಜಿರಿಯವರು ಊಟದ ಮೇಜು ಕುಟ್ಟಿ ಹೀಗೆ ಘೋಷಿಸಿದಾಗ ಬಟ್ಟಲಲ್ಲಿದ್ದ ಸೋಯಾ ತೋಫು ಗಡಗಡ ನಡುಗಿತು. ಅವರ ಹೆಂಡತಿ ಮಿತ್ಸುಯೊ ಮಾತ್ರ ನಡುಗಲಿಲ್ಲ.

"ಮೊದಲು ಕೊನ್ಯಾಕು ಮುಗಿಸಿ. ವಿಜ್ಞಾನ ಎಲ್ಲಿಗೂ ಓಡಿಹೋಗಲ್ಲ," ಎಂದರು.

ಕೊನ್ಯಾಕು ಎಂದರೆ ಗೆಡ್ಡೆಯ ಹಿಟ್ಟಿನಿಂದ ಮಾಡಿದ ಬೂದು ಬಣ್ಣದ ತುಂಡು. ಎಷ್ಟು ಅಗಿದರೂ ಸವೆಯದು, ಎಷ್ಟು ತಿಂದರೂ ಮೈಗೆ ಹತ್ತದು, ರುಚಿಗೂ ಅದಕ್ಕೂ ಏಳೇಳು ಜನ್ಮದ ವೈರ. ಈ ಸದ್ಗುಣಗಳಿಂದಾಗಿಯೇ ಅದು ನುಮಾಜಿರಿಯವರ ಮನೆಯಲ್ಲಿ ಠಿಕಾಣಿ ಹೂಡಿತ್ತು.

ಇದಕ್ಕೆಲ್ಲ ಮೂಲ, ಕಚೇರಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ಆರೋಗ್ಯ ತಪಾಸಣೆ. ನಲವತ್ತು ದಾಟಿದ ಗಂಡಸರು ಅಲ್ಲಿ ಸೂಜಿಗೆ ಹೆದರುವುದಿಲ್ಲ, ಟೇಪಿಗೆ ಹೆದರುತ್ತಾರೆ. ನರ್ಸಮ್ಮ ಸೊಂಟಕ್ಕೆ ಟೇಪು ಸುತ್ತಿದಾಗ ನುಮಾಜಿರಿಯವರು ಹೊಟ್ಟೆಯನ್ನು ಬೆನ್ನುಮೂಳೆಯವರೆಗೆ ಎಳೆದುಕೊಂಡು ಉಸಿರು ಕಟ್ಟಿ ನಿಂತರು. ನರ್ಸಮ್ಮ ಅಳೆಯಲಿಲ್ಲ, ಸುಮ್ಮನೆ ಕಾದಳು.

"ನನಗೇನೂ ಅವಸರ ಇಲ್ಲ, ನುಮಾಜಿರಿ-ಸಾನ್," ಎಂದಳು, ಹೆಸರಿಗೆ ಗೌರವದ 'ಸಾನ್' ಸೇರಿಸಿ, ನಯವಾಗಿ.

ಮನುಷ್ಯ ಎಷ್ಟು ಹೊತ್ತು ಉಸಿರು ಕಟ್ಟಿಯಾನು? ಭುಸ್ಸೆಂದು ಬಿಟ್ಟ ಉಸಿರಿಗೆ ಟೇಪು ಆಕೆಯ ಕೈಯಿಂದಲೇ ಕಿತ್ತುಕೊಂಡು ಹೋಯಿತು! 'ಮೆತಾಬೊ', ಅಂದರೆ ಅಪಾಯದ ಬೊಜ್ಜು ಎಂಬ ಬಿರುದು ಅಂದೇ ಪ್ರಾಪ್ತವಾಯಿತು. ಸುದ್ದಿ ಮನೆ ಮುಟ್ಟಿದ ಸಂಜೆಯೇ ಮಿತ್ಸುಯೊ ಅಡುಗೆಮನೆಯಲ್ಲಿ ಕ್ರಾಂತಿ ಮಾಡಿದರು. ಎಣ್ಣೆ ಬಾಣಲೆ ಅಟ್ಟ ಸೇರಿತು. ಪ್ರತಿ ಶುಕ್ರವಾರ ಬ್ರೆಡ್ ಪುಡಿ ಹೊದ್ದು, ಹೊಂಬಣ್ಣಕ್ಕೆ ಕರಿದು, ಎಲೆಕೋಸಿನ ರಾಶಿಗೆ ಒರಗಿಕೊಂಡು ಬರುತ್ತಿದ್ದ ಹಂದಿಮಾಂಸದ ತೊಂಕಾತ್ಸು ನಿಂತೇಹೋಯಿತು. ಅದರ ಬೆನ್ನಿಗೇ ತಣ್ಣನೆಯ ಬಿಯರೂ ಹೋಯಿತು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನುಮಾಜಿರಿಯವರಿಗೆ ಇಷ್ಟು ದೊಡ್ಡ ವಿರಹ ಎಂದೂ ಬಂದಿರಲಿಲ್ಲ.

ಹೀಗಿರುವಾಗ ಅವರಿದ್ದ ಮಾತ್ಸುಮೊತೊ ಊರಿಗೆ ವಿಶ್ವವಿದ್ಯಾಲಯದವರು ಬಂದರು. ವಯಸ್ಕರು ದಿನನಿತ್ಯ ಏನು ತಿನ್ನುತ್ತಾರೆ, ಎಷ್ಟು ಮೈ ಅಲುಗಿಸುತ್ತಾರೆ ಎಂಬುದು ಅವರ ಸಂಶೋಧನೆ. ಬೀದಿಯ ದಂಪತಿಗಳೆಲ್ಲ ಹೆಸರು ಕೊಟ್ಟ ಮೇಲೆ ತಾವು ಹಿಂದೆ ಉಳಿದರೆ ಚೆನ್ನಾಗಿರುವುದಿಲ್ಲವೆಂದು ಮಿತ್ಸುಯೊ ತಮ್ಮಿಬ್ಬರ ಹೆಸರನ್ನೂ ಬರೆಸಿದರು. ಘೋಷಣೆಯಾದ ಭಾನುವಾರ ಮಧ್ಯಾಹ್ನ ಸಂಶೋಧಕಿ ಕುರೆಬಯಾಶಿ ಮನೆಗೇ ಬಂದಿದ್ದರು. ಬೀದಿಯವರೆಲ್ಲ ಆಕೆಯನ್ನು 'ಸೆನ್ಸೇ' ಎಂದು, ಅಂದರೆ ಗುರುಗಳೇ ಎಂದು ಕರೆಯುತ್ತಿದ್ದರು. ಆಕೆ ಚಪ್ಪಲಿ ಬಿಟ್ಟು ಒಳಬಂದು, ಕೊಟ್ಟ ಸಿಹಿಯನ್ನು ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ತಿಂದು, ಬೆಂಕಿಪೊಟ್ಟಣದಷ್ಟಿದ್ದ ಎರಡು ಮಾಪಕಗಳನ್ನು ಮುಂದಿಟ್ಟರು. ಒಂದೊಂದರ ಪುಟ್ಟ ಪರದೆಯಲ್ಲೂ ಒಂದು ಬೆಟ್ಟ, ಬೆಟ್ಟದ ಬುಡದಲ್ಲಿ ಒಬ್ಬ ಕಡ್ಡಿ ಮನುಷ್ಯ. ನಾವು ಓಡಾಡಿದಷ್ಟೂ ಅವನು ಮೇಲೆ ಹತ್ತುತ್ತಾನೆ, ನಾವು ಕೂತರೆ ಅವನೂ ಕೂರುತ್ತಾನೆ, ದಿನಾ ಬೆಳಗ್ಗೆ ಮತ್ತೆ ಬುಡದಿಂದ ಶುರು.

"ಇದನ್ನ ಸೊಂಟಕ್ಕೆ ಸಿಕ್ಕಿಸ್ಕೊಳ್ಳಿ. ತಿನ್ನೋ ಪ್ರತಿಯೊಂದರ ಫೋಟೊ ನನಗೆ ಕಳಿಸಿ. ವ್ಯಾಯಾಮ ಅಂತ ಬೇರೆ ಮಾಡಬೇಕಿಲ್ಲ," ಎಂದರು ಸೆನ್ಸೇ. "ಬಟ್ಟೆ ಒಣಹಾಕೋದು, ಹಾಸಿಗೆ ಎತ್ತಿಡೋದು, ಸ್ನಾನದ ತೊಟ್ಟಿ ಉಜ್ಜೋದು, ಎಲ್ಲಾ ಲೆಕ್ಕಕ್ಕೆ ಬರುತ್ತೆ."

"ಇವರಿಗೆ ತೊಟ್ಟಿ ಲೆಕ್ಕಕ್ಕಿಲ್ಲ ಸೆನ್ಸೇ. ಸೊಂಟ ಬಗ್ಗಲ್ಲ," ಎಂದರು ಮಿತ್ಸುಯೊ.

ನುಮಾಜಿರಿಯವರು ಸೊಂಟದ ಮೇಲೆ ಕೈಯಿಟ್ಟು ಮುಖ ಸಣ್ಣದು ಮಾಡಿದರು. "ಹಳೇ ನೋವು ಸೆನ್ಸೇ. ಚಳಿ ಶುರುವಾಯ್ತು ಅಂದ್ರೆ ಕೇಳಲೇಬೇಡಿ."

ಕೇಳದಿರುವುದೇ ಒಳ್ಳೆಯದಿತ್ತು. ಹಿಂದೊಮ್ಮೆ ಬೀರು ಎತ್ತಲು ಹೋಗಿ ಸೊಂಟ ಉಳುಕಿದ್ದು ನಿಜ. ಆ ನೋವು ವಾರದೊಳಗೆ ಹೋಯಿತು, ಅದರ ಅನುಕೂಲ ಮಾತ್ರ ಉಳಿದುಕೊಂಡಿತು. ಬಗ್ಗಿ ಮಾಡುವ ಕೆಲಸವೆಲ್ಲ ಅಂದಿನಿಂದ ಮಿತ್ಸುಯೊ ಪಾಲಿಗೆ. ದಿನಾ ಸಂಜೆ ಆಕೆ ತೊಟ್ಟಿಯೊಳಗೆ ತಲೆ ಹುದುಗಿಸಿ ಉಜ್ಜುವಾಗ ಇವರು ಹೊರಗೆ ನಿಂತು, "ಪಾಪ, ನನ್ನ ಸೊಂಟ ನೆಟ್ಟಗಿದ್ದಿದ್ರೆ," ಎಂದು ನಿಟ್ಟುಸಿರು ಬಿಡುತ್ತಿದ್ದರು. ನೆಟ್ಟಗೇ ಇತ್ತು. ಅದೇ ತೊಂದರೆ!

ಸೆನ್ಸೇ ಹೋದ ಮೇಲೆ, ಊಟದ ಹೊತ್ತಿಗೆ, ಮೇಲೆ ಹೇಳಿದ ಘೋಷಣೆ ಹೊರಬಿತ್ತು. ಅದರ ಹಿಂದೆಯೇ ಪಂದ್ಯ.

"ಡಿಸೆಂಬರ್‌ವರೆಗೆ ಪ್ರತಿ ವಾರ ನೋಡೋಣ. ನನ್ನ ಕಡ್ಡಿ ಮನುಷ್ಯ ನಿನ್ನವನಿಗಿಂತ ಮೇಲೆ ಹತ್ತಿದ ವಾರ ಶುಕ್ರವಾರ ತೊಂಕಾತ್ಸು ಮಾಡಬೇಕು. ಬಿಯರ್ ಸಮೇತ!"

"ಹತ್ತದಿದ್ರೆ?"

"ಹತ್ತದಿದ್ರೆ ಜೀವಮಾನವಿಡೀ ಕೊನ್ಯಾಕು ತಿಂತೀನಿ. ಉಸಿರೆತ್ತಲ್ಲ!"

"ಆಯ್ತು," ಎಂದರು ಮಿತ್ಸುಯೊ. ಅಷ್ಟು ಬೇಗ ಒಪ್ಪಿದ್ದು ನೋಡಿ ನುಮಾಜಿರಿಯವರಿಗೆ ಸಣ್ಣಗೆ ಅಳುಕಾಯಿತು.

ಮರುದಿನ ಬೆಳಗ್ಗೆ ಯುದ್ಧಾರಂಭ! ಲಿಫ್ಟಿಗೆ ಬೆನ್ನು ತೋರಿಸಿ ಕಚೇರಿಯ ಮೆಟ್ಟಿಲು ಹತ್ತಿದರು. ಮೇಲೆ ತಲುಪಿದಾಗ ಪಕ್ಕದ ಕುರ್ಚಿಯ ತೊಕುನೊ-ಸಾನ್ ಎಂಬಾಕೆ ಗಾಬರಿಯಾಗಿ ನೀರು ತಂದು ಕೊಟ್ಟರು. ಸಂಜೆ ಒಂದು ನಿಲ್ದಾಣ ಮೊದಲೇ ರೈಲಿಳಿದು ನಡೆದರು. ಆ ದಾರಿಯಲ್ಲಿ ಆಲೂಗಡ್ಡೆ ಬೋಂಡದಂಥ ಕೊರೊಕ್ಕೆ ಕರಿಯುವ ಅಂಗಡಿ ಇದೆ ಎಂಬುದನ್ನು ವಿಜ್ಞಾನ ಮೊದಲೇ ಹೇಳಿರಲಿಲ್ಲ. ಕಾಲು ಮುಂದೆ ಹೋಯಿತು, ಮೂಗು ಹಿಂದೆ ಉಳಿಯಿತು, ಕೊನೆಗೆ ಮೂಗೇ ಗೆದ್ದಿತು.

ಈಗ ಫೋಟೊ ಕಳಿಸಬೇಕಲ್ಲ! ಸಂಶೋಧನೆಗೆ ಸುಳ್ಳು ಹೇಳುವುದು ನುಮಾಜಿರಿಯವರ ಜಾಯಮಾನವಲ್ಲ. ಸತ್ಯವನ್ನು ಸ್ವಲ್ಪ ದೂರದಿಂದ ತೋರಿಸಿದರೆ ತಪ್ಪೇನು? ಕೊರೊಕ್ಕೆಯನ್ನು ಕಲ್ಲುಬೆಂಚಿನ ಮೇಲಿಟ್ಟು, ಹತ್ತು ಮಾರು ಹಿಂದೆ ಸರಿದು, ಹಿನ್ನೆಲೆಗೆ ಹಿಮದ ಶಿಖರಗಳು ಬರುವಂತೆ ತೆಗೆದು ಕಳಿಸಿದರು. ತಕ್ಷಣ ಸೆನ್ಸೇಯ ಉತ್ತರ ಬಂತು: "ಬೆಟ್ಟ ತುಂಬಾ ಚೆನ್ನಾಗಿ ಬಂದಿದೆ. ಕೊರೊಕ್ಕೆ ಒಂದೋ, ಎರಡೋ?"

ಎರಡು.

ಇಷ್ಟೆಲ್ಲ ಮಾಡಿದರೂ ಅವರ ಕಡ್ಡಿ ಮನುಷ್ಯ ಬುಡದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮಿತ್ಸುಯೊ ಅವರ ಕಡ್ಡಿ ಮನುಷ್ಯ ಆಗಲೇ ಅರ್ಧ ಬೆಟ್ಟದ ಮೇಲೆ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನುಮಾಜಿರಿಯವರು ಮಾಪಕವೇ ಡೊಂಕು ಎಂದರು. ಈ ಸಲ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಬೆಲ್ಟಿಗೆ ಸಿಕ್ಕಿಸಿದ ಮಾಪಕವನ್ನು ಅವರ ಹೊಟ್ಟೆ ಕೆಳಗಿನಿಂದ ಒತ್ತುತ್ತಿದ್ದುದರಿಂದ ಅದು ಹೆಜ್ಜೆ ಎಣಿಸದೆ ಆಕಾಶ ನೋಡುತ್ತಾ ಮಲಗಿರುತ್ತಿತ್ತು. ಕೂತಾಗಲಂತೂ ಹೊಟ್ಟೆಯನ್ನು ಇರುವೆಯಂತೆ ಕಚ್ಚುತ್ತಿತ್ತು. ಸೊಂಟವಾದರೇನು, ಕೊರಳಾದರೇನು, ದೇಹ ಒಂದೇ ತಾನೇ ಎಂದು ಅವರು ಮರುದಿನ ಅದನ್ನು ಕಚೇರಿಯ ಗುರುತಿನ ಚೀಟಿಯ ದಾರಕ್ಕೆ ಪೋಣಿಸಿ ಕೊರಳಿಗೆ ನೇತುಹಾಕಿಕೊಂಡರು.

ಅಂದು ಸಂಜೆ ಮನೆಗೆ ಬಂದು ಪರದೆ ನೋಡಿದರೆ ಕಡ್ಡಿ ಮನುಷ್ಯ ಬೆಟ್ಟದ ತುತ್ತತುದಿಯಲ್ಲಿ ಬಾವುಟ ಬೀಸುತ್ತಿದ್ದಾನೆ!

"ಇದೇನ್ರೀ ಇದು? ಆಫೀಸಲ್ಲಿ ಅಷ್ಟು ಓಡಾಡ್ತೀರಾ?" ಎಂದು ಮಿತ್ಸುಯೊ ಕಣ್ಣರಳಿಸಿದರು.

"ಕೂರೋಕೆ ಎಲ್ಲಿ ಬಿಡ್ತಾರೆ ಕಣೇ ಜನ? ನನ್ನ ಹತ್ರ ಒಂದು ಮಾತಾಡಬೇಕು ಅಂತ ಸಾಲುಗಟ್ಟಿ ಕಾಯ್ತಾರೆ."

ಈ ಮಾತು ಅಕ್ಷರಶಃ ಸತ್ಯ. ನುಮಾಜಿರಿಯವರು ಸ್ನಾನದ ನೀರು ಕಾಯಿಸುವ ಯಂತ್ರ ತಯಾರಿಸುವ ಕಂಪನಿಯ ಗ್ರಾಹಕ ಸೌಹಾರ್ದ ವಿಭಾಗದಲ್ಲಿ ಹಿರಿಯರು. ಜನ ಫೋನಿನಲ್ಲಿ ಸಾಲುಗಟ್ಟಿ ಕಾಯುತ್ತಿದ್ದರು, ಬೈಯಲು! ಕಂಪನಿಯ ಹೊಸ ಯಂತ್ರ ಇಂಪಾಗಿ ಹಾಡಿ, "ಸ್ನಾನಕ್ಕೆ ನೀರು ಕಾದಿದೆ" ಎಂದು ಹೆಣ್ಣುದನಿಯಲ್ಲಿ ಕರೆಯುತ್ತದೆ. ನೀರು ಕಾಯದಿದ್ದರೂ ಕರೆಯುತ್ತದೆ. ಚಳಿಗಾಲ ಕಾಲಿಡುತ್ತಿದ್ದ ಆ ಊರಿನಲ್ಲಿ ಜನ ಹಾಡು ನಂಬಿ ಬಟ್ಟೆ ಬಿಚ್ಚಿ ತೊಟ್ಟಿಗಿಳಿದು ಕಿರುಚುತ್ತಿದ್ದರು. ಕಿರುಚಿದವರು ಮೈ ಒರೆಸಿಕೊಳ್ಳುವ ಮೊದಲೇ ಫೋನ್ ಎತ್ತುತ್ತಿದ್ದರು. ತನ್ನ ಗಂಡ ದಿನವಿಡೀ ಬೈಸಿಕೊಳ್ಳುತ್ತಾನೆ ಎಂಬ ವಿಷಯ ಮಾತ್ರ ಮಿತ್ಸುಯೊಗೆ ಗೊತ್ತಿರಲಿಲ್ಲ. 'ಸೌಹಾರ್ದ' ಎಂದರೆ ಚಹಾ ಕುಡಿಯುತ್ತಾ ಸಲಹೆ ಕೊಡುವುದು ಎಂದೇ ಆಕೆ ತಿಳಿದಿದ್ದರು. ಹಾಗೆ ತಿಳಿಸಿದ್ದವರು ನುಮಾಜಿರಿಯವರೇ.

ಕೊಟ್ಟ ಮಾತಿನಂತೆ ಶುಕ್ರವಾರ ಬಾಣಲೆ ಅಟ್ಟದಿಂದ ಇಳಿಯಿತು. ತೊಂಕಾತ್ಸು ಬಂತು! ಬಿಯರ್ ಬಂತು! ನುಮಾಜಿರಿಯವರು ಮೊದಲ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ತಾನು ಹುಟ್ಟಾ ಕ್ರೀಡಾಪಟು, ಇಷ್ಟು ದಿನ ಜಗತ್ತು ಗುರುತಿಸಲಿಲ್ಲ ಅಷ್ಟೇ ಎಂದು ಅವರಿಗೆ ಮನವರಿಕೆಯಾಗಿತ್ತು.

ಭಾನುವಾರ ಆ ಭ್ರಮೆ ಕಳಚಿತು. ಹುರುಪಿನಿಂದ ಹೊಳೆದಂಡೆಯ ಉದ್ದಕ್ಕೂ ನಡೆದು ಬಂದು ನೋಡಿದರೆ ಕಡ್ಡಿ ಮನುಷ್ಯ ತಪ್ಪಲು ದಾಟಿಲ್ಲ. ಸೋಮವಾರ ಕುರ್ಚಿ ಬಿಟ್ಟು ಏಳಲಿಲ್ಲ, ಊಟದ ಹೊತ್ತಿಗಾಗಲೇ ಅವನು ಮೋಡದ ಮೇಲೆ! ನುಮಾಜಿರಿಯವರು ತಲೆ ಕೆರೆದುಕೊಳ್ಳುತ್ತಿದ್ದಾಗ ಫೋನ್ ಮೊಳಗಿತು. ಮಿಝುಶಿಮಾ ಅಜ್ಜಿ. ದಿನಾ ಇದೇ ಹೊತ್ತಿಗೆ ತಪ್ಪದೆ ಬೈಯುವವರು.

"ಏನಪ್ಪಾ, ನಿಮ್ಮ ಯಂತ್ರ ಇವತ್ತೂ ಹಾಡಿತು. ಇಳಿದ್ರೆ ಹೊಳೆ ನೀರು! ಎಂಬತ್ತು ದಾಟಿದ ಮುದುಕೀನ ಬರಿಮೈಲಿ ನಿಲ್ಲಿಸಿ ಸುಳ್ಳು ಹೇಳ್ತೀರಲ್ಲ, ನಾಚಿಕೆ ಆಗಲ್ವಾ?"

"ಬಹಳ ತಪ್ಪಾಯ್ತು ತಾಯಿ!" ಎಂದು ನುಮಾಜಿರಿಯವರು ಹಣೆ ಮೇಜಿಗೆ ತಾಗುವಷ್ಟು ಬಾಗಿದರು. ಫೋನಿನಲ್ಲಿ ಕಾಣುವುದಿಲ್ಲ, ನಿಜ. ಆದರೆ ಬಾಗದೆ ಕೇಳಿದ ಕ್ಷಮೆ ದನಿಯಲ್ಲೇ ಗೊತ್ತಾಗಿಬಿಡುತ್ತದೆ. ಬೆನ್ನು ನೆಟ್ಟಗಿಟ್ಟುಕೊಂಡು ಕ್ಷಮೆ ಕೇಳಿದ್ದು ಆ ಊರಿನಲ್ಲಿ ಯಾರಿಗೆ ತಾನೇ ನೆನಪಿದೆ? ಅವರು ಬಾಗಿದಾಗ ಕೊರಳ ಮಾಪಕ ಉಯ್ಯಾಲೆಯಂತೆ ಮುಂದೆ ಹೋಯಿತು, ಎದ್ದಾಗ ಎದೆಗೆ ಬಂದು ಬಡಿಯಿತು. ಕಡ್ಡಿ ಮನುಷ್ಯ ಚಂಗನೆ ಜಿಗಿದ!

ನುಮಾಜಿರಿಯವರಿಗೆ ಜ್ಞಾನೋದಯವಾಯಿತು. ಒಳ್ಳೆಯವರಾಗಿದ್ದರೆ ಮಾಪಕವನ್ನು ಸೊಂಟಕ್ಕೆ ಮರಳಿಸುತ್ತಿದ್ದರು. ಅವರು ಒಳ್ಳೆಯವರೇ, ಆದರೆ ಬರುವ ಶುಕ್ರವಾರವೂ ಇತ್ತಲ್ಲ! ಹಲ್ಲು ಕಚ್ಚಿ ನಿರ್ಧಾರ ಮಾಡಿದರು. ಇನ್ನು ಮುಂದೆ ಒಂದೇ ಒಂದು ಬೈಗುಳವೂ ಕೈತಪ್ಪಬಾರದು.

"ತೊಕುನೊ-ಸಾನ್, ಆ ಕರೆ ನನಗೆ ಕೊಡಿ."

"ಇವರು ಆಗಲೇ ಕೂಗಾಡ್ತಾ ಇದ್ದಾರೆ ಸಾರ್."

"ಇನ್ನೂ ಒಳ್ಳೇದು! ಕೊಡಿ, ಕೊಡಿ!"

"ಸಾರ್, ನಿಮಗೆ ಹುಷಾರಿಲ್ವಾ? ಮೊದಲೆಲ್ಲ ಇಂಥ ಕರೆ ಬಂದ್ರೆ ಶೌಚಾಲಯಕ್ಕೆ ಓಡ್ತಿದ್ರಿ."

ಅವರು ಯಾರ ಮಾತಿಗೂ ಜಗ್ಗಲಿಲ್ಲ. ಇಡೀ ವಿಭಾಗದ ಬೈಗುಳವನ್ನು ತಾವೊಬ್ಬರೇ ಉಂಡರು. ಹಾಗೆ ಉಂಡು ಬೆಟ್ಟ ಹತ್ತಿದರು, ಬೆಟ್ಟ ಹತ್ತಿ ತೊಂಕಾತ್ಸು ತಿಂದರು. ಬೇರೆಯವರ ಸ್ನಾನ ಕೆಟ್ಟಷ್ಟೂ ಇವರ ಊಟ ಸುಧಾರಿಸಿತು. ಮನೆಗೆ ಬಂದರೆ ಮಾತ್ರ ಅದೇ ಹಳೆಯ ಸೊಂಟ! ಮಿತ್ಸುಯೊ ತೊಟ್ಟಿ ಉಜ್ಜಿ ಬೆವರೊರೆಸಿಕೊಂಡು ಬಂದು, ಅರ್ಧ ಬೆಟ್ಟದಲ್ಲೇ ನಿಂತ ತನ್ನ ಕಡ್ಡಿ ಮನುಷ್ಯನನ್ನು ನೋಡಿ, "ಇವನಿಗೇನು ದೊಡ್ಡರೋಗ?" ಎಂದು ಗೊಣಗುತ್ತಿದ್ದರು.

ಡಿಸೆಂಬರಿನ ಒಂದು ಭಾನುವಾರ ಮಧ್ಯಾಹ್ನ ಊರ ಸಮುದಾಯ ಭವನದಲ್ಲಿ ಸಂಶೋಧನೆಯ ಫಲಿತಾಂಶ ತಿಳಿಸುವ ಸಭೆ ಏರ್ಪಾಡಾಯಿತು. ನುಮಾಜಿರಿಯವರು ಮುಂದಿನ ಸಾಲಿನಲ್ಲಿ ಟೈ ಕಟ್ಟಿ ಕೂತಿದ್ದರು. ಪಕ್ಕದಲ್ಲಿ ಮಿತ್ಸುಯೊ. ಊರಿನ ಜನ ಎಷ್ಟು ಉಪ್ಪುಪ್ಪು ಮಿಸೊ ಸಾರು ಕುಡಿಯುತ್ತಾರೆ, ಉಪ್ಪಿನಕಾಯಿಯ ಮೇಲೆ ಮತ್ತೆ ಸೋಯಾ ಸಾಸ್ ಯಾಕೆ ಸುರಿಯುತ್ತಾರೆ ಎಂಬುದನ್ನೆಲ್ಲ ಸೆನ್ಸೇ ವಿವರಿಸಿದರು. ಕೇಳಿದವರೆಲ್ಲ ಪಕ್ಕದವರ ಕಡೆ ನೋಡಿದರು. ಬಳಿಕ ಪರದೆಯ ಮೇಲೆ ಮುಗಿಲು ಮುಟ್ಟಿದ ಒಂದು ಗೆರೆ ಮೂಡಿತು.

"ಇದೊಂದು ಅದ್ಭುತ," ಎಂದರು ಸೆನ್ಸೇ. "ಈ ಮಹನೀಯರು ದಿನವಿಡೀ ಕುರ್ಚಿ ಕೆಲಸ ಮಾಡ್ತಾರೆ. ಆದ್ರೂ ಊರಲ್ಲಿ ಇವರಷ್ಟು ಚಟುವಟಿಕೆ ಇರೋರು ಇನ್ನೊಬ್ಬರಿಲ್ಲ. ಅದು ಹೇಗೆ ಅಂತ ಅವರೇ ತೋರಿಸಿಕೊಡ್ತಾರೆ. ನುಮಾಜಿರಿ-ಸಾನ್, ದಯವಿಟ್ಟು!"

ಚಪ್ಪಾಳೆ! ನುಮಾಜಿರಿಯವರು ಎದೆ ಉಬ್ಬಿಸಿ ವೇದಿಕೆ ಹತ್ತಿದರು. ಸೆನ್ಸೇ ಅವರ ಕೈಗೆ ಒಂದು ಮಾಪಕ ಕೊಟ್ಟು, "ಇದರ ಬೆಟ್ಟ ಪರದೆ ಮೇಲೆ ದೊಡ್ಡದಾಗಿ ಕಾಣುತ್ತೆ. ದಿನಾ ಹಾಕ್ಕೊಳ್ಳೋ ಹಾಗೇ ಹಾಕ್ಕೊಳ್ಳಿ," ಎಂದರು. ನುಮಾಜಿರಿಯವರು ಗಾಬರಿಯಲ್ಲಿ ಅಭ್ಯಾಸಬಲದಿಂದ ಅದನ್ನು ಕೊರಳಿಗೇ ಹಾಕಿಕೊಂಡರು.

"ಕೊರಳಿಗಾ?" ಎಂದ ಸೆನ್ಸೇಯ ಮುಖ ಪೆಚ್ಚಾಯಿತು.

ನುಮಾಜಿರಿಯವರು ಆಗಲೇ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಎಂದಿನ ದನಿ ತಾನಾಗಿ ಹೊರಟಿತು. "ತಮ್ಮ ಅಮೂಲ್ಯವಾದ ಸಮಯವನ್ನು ನಮಗಾಗಿ ಮೀಸಲಿಟ್ಟದ್ದಕ್ಕೆ ಹೃತ್ಪೂರ್ವಕ ವಂದನೆಗಳು..."

ನಡುವಿನ ಸಾಲಿನಿಂದ ಒಂದು ಊರುಗೋಲು ಮೇಲೆದ್ದಿತು. ಊರುಗೋಲಿನ ಹಿಂದೆಯೇ ಒಬ್ಬ ಅಜ್ಜಿ ಎದ್ದು ನಿಂತರು.

"ಈ ದನಿ! ಇದು ಬಿಸಿನೀರು ಯಂತ್ರದವನ ದನಿ ಅಲ್ವಾ? ನಾನಪ್ಪಾ, ಮಿಝುಶಿಮಾ!"

"ಬಹಳ ತಪ್ಪಾಯ್ತು ತಾಯಿ!"

ಮೆದುಳಿಗೆ ಸುದ್ದಿ ಮುಟ್ಟುವ ಮೊದಲೇ ಬೆನ್ನು ಬಾಗಿಯಾಗಿತ್ತು. ತಲೆ ಮೊಣಕಾಲು ಮುಟ್ಟಿತು, ಮಾಪಕ ಹಾರಿತು. ಗೋಡೆಯಷ್ಟೆತ್ತರದ ಪರದೆಯಲ್ಲಿ ಕಡ್ಡಿ ಮನುಷ್ಯ ಒಂದೇ ನೆಗೆತಕ್ಕೆ ಅರ್ಧ ಬೆಟ್ಟ ಏರಿದ! ಆಮೇಲೆ ಹಿಂದಿನಿಂದ ಯಾರೋ, "ನಮ್ಮನೇ ಯಂತ್ರಾನೂ ಕೆಟ್ಟಿತ್ತು!" ಎಂದರು.

"ಬಹಳ ತಪ್ಪಾಯ್ತು!" ಮತ್ತೊಂದು ನೆಗೆತ.

"ನಮ್ಮ ಮಾವನಿಗೆ ನೆಗಡಿ ಆಗಿ ವಾರ ಮಲಗಿದ್ರು!"

"ಅಯ್ಯೋ, ಬಹಳ ತಪ್ಪಾಯ್ತು!" ಕಡ್ಡಿ ಮನುಷ್ಯ ತುದಿ ಮುಟ್ಟಿ ಬಾವುಟ ಹಾರಿಸಿದ. ಇಡೀ ಭವನ ಬಿದ್ದು ಬಿದ್ದು ನಕ್ಕಿತು.

ಸೆನ್ಸೇ ಮೈಕ್ ಹಿಡಿದು, ನಗು ತಡೆದುಕೊಂಡು, "ನುಮಾಜಿರಿ-ಸಾನ್, ಇದು ಓಡಾಟ ಅಲ್ಲ, ಕ್ಷಮಾಪಣೆ. ನಿಮ್ಮ ಲೆಕ್ಕಾನ ಸಂಶೋಧನೆಯಿಂದ ಕೈಬಿಡಬೇಕಾಗುತ್ತೆ," ಎಂದರು. ಅದಕ್ಕೂ ನುಮಾಜಿರಿಯವರು ಬಾಗಿಯೇ ಕ್ಷಮೆ ಕೇಳಿದರು. ಎದ್ದು ನೋಡಿದರೆ ಎಲ್ಲರೂ ನಗುತ್ತಿದ್ದರು, ಮಿತ್ಸುಯೊ ಒಬ್ಬರನ್ನು ಬಿಟ್ಟು. ಆಕೆಯ ಕಣ್ಣು ಪರದೆಯ ಮೇಲೆ ಇರಲಿಲ್ಲ. ಗಂಡನ ಸೊಂಟದ ಮೇಲಿತ್ತು.

ಸಂಜೆ ಇಬ್ಬರೂ ಮನೆಯ ಕಡೆ ನಡೆದರು. ಹಿಮ ಸಣ್ಣಗೆ ಉದುರುತ್ತಿತ್ತು. ನುಮಾಜಿರಿಯವರಿಗೆ ತೊಂಕಾತ್ಸಿನ ಚಿಂತೆಯೂ ಮರೆತುಹೋಗಿತ್ತು. ಹೆಂಡತಿಯ ಎದುರು ಇಷ್ಟು ವರ್ಷ ಕಟ್ಟಿಕೊಂಡಿದ್ದ ದೊಡ್ಡಸ್ತಿಕೆ ಊರ ಮುಂದೆ ಬಟಾಬಯಲಾಗಿತ್ತು. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

"ದಿನಾ ಹೀಗೇ ಬೈಸಿಕೊಳ್ತೀರಾ?" ಎಂದು ಮಿತ್ಸುಯೊ ಕೇಳಿದರು.

"ದಿನಾ ಇಲ್ಲ. ಭಾನುವಾರ ರಜ."

"ನನಗ್ಯಾಕೆ ಹೇಳಲಿಲ್ಲ?"

"ಊರವರ ಹತ್ರ ಎಲ್ಲ ಬೈಸಿಕೊಂಡು ಬರ್ತೀನಿ. ಮನೇಲಿ ಒಬ್ಬಳಾದ್ರೂ ನನ್ನನ್ನ ಸಾಹೇಬ ಅಂದ್ಕೊಂಡಿರಲಿ ಅಂತ."

ಮಿತ್ಸುಯೊ ಮನೆಯೊಳಗೆ ಬಂದು ಶಾಲು ಕಳಚುತ್ತಾ, "ತಿಂಗಳಿಗೊಂದು ಶುಕ್ರವಾರ ತೊಂಕಾತ್ಸು ಮಾಡ್ತೀನಿ. ಅಷ್ಟು ಬೈಗುಳ ಅರಗಿಸಿಕೊಂಡ ಹೊಟ್ಟೆಗೆ ಅದೇನು ಮಹಾ?" ಎಂದು ಒಳಗೆ ಹೋದರು.

ನುಮಾಜಿರಿಯವರ ಕಣ್ಣಲ್ಲಿ ನೀರು ತುಂಬಿತು. ಎಂಥ ಹೆಂಗಸು! ಇವಳಿಗೇ ತಾನು ಮೋಸ ಮಾಡಿದ್ದು! ದುಡುದುಡು ಹಿಂದೆಯೇ ಹೋಗಿ ಬಚ್ಚಲುಮನೆಯ ಬಾಗಿಲಲ್ಲಿ ಆಕೆಯನ್ನು ತಡೆದು ನಿಲ್ಲಿಸಿದರು. ಇಪ್ಪತ್ತೇಳು ವರ್ಷದಲ್ಲಿ ಊರಿಗೆಲ್ಲ ಕೇಳಿದ ಕ್ಷಮೆಯನ್ನು ಇವಳಿಗೆ ಒಮ್ಮೆಯೂ ಕೇಳಿರಲಿಲ್ಲ.

"ಬಹಳ ತಪ್ಪಾಯ್ತು ಕಣೇ!" ಎಂದು ಹಣೆ ಮೊಣಕಾಲಿಗೆ ತಾಗುವಂತೆ ಬಾಗಿದರು. ಸೊಂಟ ಬಿಲ್ಲಿನಂತೆ ಬಾಗಿತು, ಎಲ್ಲೂ ಲಟಕ್ಕೆಂಬ ಶಬ್ದವೂ ಬರಲಿಲ್ಲ. ಆಕೆಯ ಕೈ ತಮ್ಮ ಬೆನ್ನು ಸವರುವುದನ್ನೇ ಕಾಯುತ್ತಾ ಹಾಗೆಯೇ ನಿಂತರು.

ಕೈ ಬಂತು. ಇವರ ಅಂಗೈಗೆ ಒಂದು ಬ್ರಷ್ ತುರುಕಿತು.

"ಹಾಂ, ಹಾಗೇ ಇರಿ, ಏಳಬೇಡಿ," ಎಂದರು ಮಿತ್ಸುಯೊ. "ತೊಟ್ಟಿ ತಳ ಉಜ್ಜೋಕೆ ಸರಿಯಾಗಿ ಅಷ್ಟೇ ಬಗ್ಗಬೇಕು!"